ಸೊಂಟದ ಅಳತೆ, ತಿಂಗಳ ಲೆಕ್ಕ

(ದಾವಣಗೆರೆಯಲ್ಲಿ ಪದವಿ ತರಗತಿಯ ಹುಡುಗಿಯರು ಮತ್ತು ಅವರ ತಾಯಂದಿರು ಸೇರಿದ್ದ ಸಭೆಯಲ್ಲಿ, ಮುಟ್ಟು ಏರುಪೇರಾಗುವ ಪಿಸಿಒಡಿ ಎಂಬ ಹಾರ್ಮೋನಿನ ತೊಂದರೆಯ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

"ದಪ್ಪ ಆಗಿದ್ದಕ್ಕೆ ಪಿಸಿಒಡಿ ಬಂತಾ ಮೇಡಂ, ಇಲ್ಲಾ ಪಿಸಿಒಡಿ ಬಂದಿದ್ದಕ್ಕೆ ದಪ್ಪ ಆದ್ಳಾ?" ಮಗಳನ್ನು ಕರೆದುಕೊಂಡು ಬರುವ ತಾಯಂದಿರು ಮೊದಲು ಕೇಳುವುದೇ ಇದನ್ನು. ಆಗ ಪಕ್ಕದಲ್ಲಿ ಕೂತ ಹುಡುಗಿ ತಲೆ ತಗ್ಗಿಸಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಿರುತ್ತಾಳೆ. ಅವ್ವ ಕೇಳಿದ್ದು ಕಾಯಿಲೆಯ ವಿಚಾರ, ಮಗಳಿಗೆ ಕೇಳಿಸಿದ್ದು "ತಪ್ಪು ಯಾರದು?" ಎಂದು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡೂ ನಿಜ. ಮೈಯಲ್ಲಿ ಕೊಬ್ಬು ಹೆಚ್ಚಿದರೆ ಈ ತೊಂದರೆ ಹೆಚ್ಚುತ್ತದೆ, ಈ ತೊಂದರೆ ಇದ್ದರೆ ಕೊಬ್ಬು ಬೇಗ ಸೇರುತ್ತದೆ. ಆದರೆ ಒಟ್ಟು ತೂಕ ಎಷ್ಟು ಎನ್ನುವುದಕ್ಕಿಂತ ಆ ಕೊಬ್ಬು ಮೈಯಲ್ಲಿ ಎಲ್ಲಿ ಕೂತಿದೆ ಎನ್ನುವುದು ದೊಡ್ಡ ವಿಷಯ. ತೂಕದ ಮಷೀನಿಗೆ ಅದು ಗೊತ್ತಾಗುವುದಿಲ್ಲ. ನಿಮ್ಮ ಮನೆಯ ಹೊಲಿಗೆ ಟೇಪಿಗೆ ಗೊತ್ತಾಗುತ್ತದೆ. ಇದನ್ನು ಇವತ್ತು ನಿಮ್ಮ ಮನಸ್ಸಿಗೆ ಮುಟ್ಟಿಸಬೇಕು ಎಂದೇ ಬಂದಿದ್ದೇನೆ.

ಮೊದಲು ತೊಂದರೆ ಏನು ಎಂದು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮಗುವಾಗುವ ವಯಸ್ಸಿನ 100 ಹೆಂಗಸರಲ್ಲಿ 10ರಿಂದ 13 ಮಂದಿಗೆ ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಇರುತ್ತದೆ. ಅವರಲ್ಲಿ ಬಹುಪಾಲು ಜನಕ್ಕೆ ತಮಗೆ ಅದು ಇದೆ ಎಂದೇ ಗೊತ್ತಿಲ್ಲ. ನಮ್ಮ ಕಡೆ ಪಿಸಿಒಡಿ ಎಂದು ಕರೆಯುವುದೂ ಇದನ್ನೇ. ದೊಡ್ಡವರಲ್ಲಿ ಇದನ್ನು ಗುರುತಿಸಲು 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಮೂರು ಲಕ್ಷಣ ಹೇಳಿದರು. ಮುಟ್ಟು ಸರಿಯಾಗಿ ಬಾರದಿರುವುದು ಒಂದು. ಗಂಡು ಹಾರ್ಮೋನು ಹೆಚ್ಚಾಗಿರುವುದು ಇನ್ನೊಂದು, ಅಂದರೆ ಗಲ್ಲ ಮೇಲ್ದುಟಿಯಲ್ಲಿ ಕೂದಲು, ಹೋಗದ ಮೊಡವೆ, ಇಲ್ಲವೇ ರಕ್ತಪರೀಕ್ಷೆಯಲ್ಲಿ ಅದರ ಮಟ್ಟ ಏರಿರುವುದು. ಮೂರನೆಯದು ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ತುಂಬ ಸಣ್ಣ ಸಣ್ಣ ಕೋಶಗಳು ಕಾಣುವುದು. ಮೂರರಲ್ಲಿ ಎರಡು ಇದ್ದು, ಥೈರಾಯ್ಡ್‌ನಂಥ ಬೇರೆ ಕಾರಣ ಇಲ್ಲವೆಂದಾದರೆ ಪಿಸಿಒಎಸ್.

ಸ್ಕ್ಯಾನಿಂಗ್ ರಿಪೋರ್ಟು ಹಿಡಿದು "ಗಡ್ಡೆ ಆಗ್ಯಾವಂತೆ, ಆಪರೇಷನ್ ಮಾಡಿ ತೆಗಿಬೇಕಾ?" ಎಂದು ಗಾಬರಿಯಿಂದ ಬರುವವರಿದ್ದಾರೆ. ಅವು ಗಡ್ಡೆಗಳಲ್ಲ. ಪ್ರತಿ ತಿಂಗಳು ಒಂದು ಅಂಡಾಣು ಬೆಳೆದು ಹೊರಬರಬೇಕು. ಬೆಳೆಯಲು ಹೊರಟವು ಅರ್ಧಕ್ಕೇ ನಿಂತು, ಒಂದು ಸೆಂಟಿಮೀಟರಿಗೂ ಕಡಿಮೆ ಗಾತ್ರದಲ್ಲಿ ಹಾಗೇ ಉಳಿದಿರುತ್ತವೆ, ಅಷ್ಟೆ. ತೆಗೆಯುವಂಥದ್ದು ಅಲ್ಲಿ ಏನೂ ಇಲ್ಲ. ಅವು ಯಾಕೆ ಅರ್ಧಕ್ಕೆ ನಿಂತವು ಎಂದು ಕೇಳಿದರೆ ಮಾತು ಕೊಬ್ಬಿನ ಕಡೆಗೆ ಬರುತ್ತದೆ.

ಈ ನಂಟು ಇಂದು ನಿನ್ನೆ ಕಂಡದ್ದಲ್ಲ. 1721ರಲ್ಲಿ ಇಟಲಿಯ ಆಂಟೋನಿಯೋ ವಲ್ಲಿಸ್ನೇರಿ ಒಬ್ಬ ರೈತ ಹೆಣ್ಣುಮಗಳ ಬಗ್ಗೆ ಬರೆದಿಟ್ಟ: ಮದುವೆಯಾಗಿದೆ, ಮಕ್ಕಳಾಗಿಲ್ಲ, ಮೈ ಸ್ವಲ್ಪ ತುಂಬಿದೆ, ಅಂಡಾಶಯಗಳು ದೊಡ್ಡದಾಗಿ, ಬೆಳ್ಳಗೆ, ಪಾರಿವಾಳದ ಮೊಟ್ಟೆಯ ಹಾಗಿವೆ. ಇನ್ನೂರು ವರ್ಷ ಕಳೆದು 1921ರಲ್ಲಿ ಪ್ಯಾರಿಸ್‌ನ ಅಶಾರ್ ಮತ್ತು ಥಿಯರ್ಸ್ ಎಂಬ ವೈದ್ಯರು ಮುಖದಲ್ಲಿ ಗಡ್ಡ ಬಂದ ಹೆಂಗಸರಲ್ಲಿ ಸಕ್ಕರೆ ಕಾಯಿಲೆ ಕಂಡರು. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಏಳು ಹೆಂಗಸರನ್ನು ಕುರಿತು ಬರೆದ ಲೇಖನದಿಂದ ಈ ಕಾಯಿಲೆಗೆ ವೈದ್ಯಶಾಸ್ತ್ರದಲ್ಲಿ ಒಂದು ನೆಲೆ ಸಿಕ್ಕಿತು. ಇನ್ಸುಲಿನ್‌ಗೂ ಇದಕ್ಕೂ ಸಂಬಂಧವಿದೆ ಎಂದು ಅಳೆದು ತೋರಿಸಿದ್ದು 1980ರಲ್ಲಿ. ಮುಟ್ಟು, ಸಕ್ಕರೆ, ಮೈಯ ಕೊಬ್ಬು ಮೂರೂ ಒಂದೇ ದಾರದಲ್ಲಿ ಪೋಣಿಸಿಕೊಂಡಿವೆ ಎಂದು ತಿಳಿಯಲು ಇಷ್ಟು ಕಾಲ ಹಿಡಿಯಿತು.

ಈಗ ಕೊಬ್ಬಿಗೆ ಬರೋಣ. ಕೊಬ್ಬು ಎಂದರೆ ಸುಮ್ಮನೆ ಕೂತ ದಾಸ್ತಾನು ಎಂದೇ ಬಹಳ ಕಾಲ ವೈದ್ಯರೂ ನಂಬಿದ್ದರು. 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದಾಗ ಆ ನಂಬಿಕೆ ಬಿತ್ತು. ಲೆಪ್ಟಿನ್ ಹುಟ್ಟುವುದೇ ಕೊಬ್ಬಿನ ಕೋಶಗಳಲ್ಲಿ. ಅಲ್ಲಿಂದ ಅದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ: ಮೈಯಲ್ಲಿ ಇಷ್ಟು ದಾಸ್ತಾನಿದೆ, ಮುಟ್ಟು ನಡೆಸಬಹುದು, ಬಸಿರು ಹೊರಬಹುದು. ಹೆಣ್ಣಿಗೆ ಕೊಬ್ಬು ಬೇಕೇ ಬೇಕು. ಕೊಬ್ಬು ತೀರಾ ಇಳಿದರೂ ಮುಟ್ಟು ನಿಲ್ಲುತ್ತದೆ. ಇದನ್ನು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಕೊಬ್ಬಿನ ಕೋಶಗಳು ಹಾರ್ಮೋನುಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಾಯಿಸುತ್ತವೆ ಕೂಡ. ಅಂಡಾಶಯದಿಂದಲೂ ಮೂತ್ರಪಿಂಡದ ಮೇಲಿರುವ ಗ್ರಂಥಿಯಿಂದಲೂ ಬರುವ ದುರ್ಬಲ ಗಂಡು ಹಾರ್ಮೋನನ್ನು ಟೆಸ್ಟೋಸ್ಟಿರೋನ್ ಎಂಬ ಬಲವಾದ ಹಾರ್ಮೋನನ್ನಾಗಿ ಮಾಡುವ ಶಕ್ತಿ ಅವಕ್ಕಿದೆ. ಅದೇ ದುರ್ಬಲ ಹಾರ್ಮೋನನ್ನು ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನನ್ನಾಗಿ ಮಾಡುವ ಶಕ್ತಿಯೂ ಇದೆ. ಪಿಸಿಒಎಸ್ ಇದ್ದವರಲ್ಲಿ ಎರಡೂ ನಡೆಯುತ್ತದೆ. ಟೆಸ್ಟೋಸ್ಟಿರೋನ್ ಕೂದಲು, ಮೊಡವೆ ತರುತ್ತದೆ. ಈಸ್ಟ್ರೋಜೆನ್ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತಾ ಹೋಗುತ್ತದೆ. ಅಂಡಾಣು ಬಿಡುಗಡೆಯಾಗದಿದ್ದರೆ ಆ ಪದರವನ್ನು ಹದಗೊಳಿಸುವ ಪ್ರೊಜೆಸ್ಟಿರೋನ್ ಎಂಬ ಹಾರ್ಮೋನು ಬರುವುದಿಲ್ಲ. ಹೀಗಾಗಿ ತಿಂಗಳುಗಟ್ಟಲೆ ಮುಟ್ಟಿಲ್ಲದೆ, ಬಂದಾಗ ಹೊಳೆ ಹರಿದಂತೆ ಬರುವುದು. ಇದು ವರ್ಷಗಟ್ಟಲೆ ನಡೆದರೆ ಒಳಪದರದಲ್ಲಿ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. "ತಿಂಗಳು ತಿಂಗಳು ರಗಳೆ ಇಲ್ಲ, ಒಳ್ಳೇದೇ ಆತು" ಎಂದು ಸುಮ್ಮನಿರಬೇಡಿ ಎನ್ನುವುದು ಇದಕ್ಕೇ.

ಇದೆಲ್ಲದರ ಹಿಂದೆ ನಿಂತಿರುವುದು ಇನ್ಸುಲಿನ್. ಊಟವಾದ ಮೇಲೆ ರಕ್ತದಲ್ಲಿ ಏರುವ ಸಕ್ಕರೆಯನ್ನು ಸ್ನಾಯುಗಳಿಗೆ ತಲುಪಿಸುವ ಹಾರ್ಮೋನು ಅದು. ಹೊಟ್ಟೆಯೊಳಗೆ, ಕರುಳು ಪಿತ್ತಜನಕಾಂಗಗಳ ಸುತ್ತ ಕೊಬ್ಬು ಸೇರಿದಾಗ ಅದರಿಂದ ಕೊಬ್ಬಿನಾಮ್ಲಗಳು ಹೊರಬೀಳುತ್ತವೆ, ಅದರ ಪರಿಣಾಮವಾಗಿ ಸ್ನಾಯುಗಳು ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ಕಿವಿ ಮಂದವಾದ ಅಜ್ಜನಿಗೆ ಕೇಳಲಿ ಎಂದು ಮನೆಯವರು ದನಿ ಏರಿಸುತ್ತಾರಲ್ಲ, ಹಾಗೆ ಮೈ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಅಜ್ಜನಿಗೇನೋ ಕೇಳುತ್ತದೆ, ಆದರೆ ಕಿವಿ ಚುರುಕಾಗಿರುವ ಪಕ್ಕದ ಮನೆಯವರಿಗೆ ನಿದ್ದೆಯಿಲ್ಲ. ಇಲ್ಲಿ ಆ ಪಕ್ಕದ ಮನೆ ಅಂಡಾಶಯ. ಸ್ನಾಯುವಿಗೆ ಇನ್ಸುಲಿನ್ ಕೇಳಿಸದಿದ್ದರೂ ಅಂಡಾಶಯಕ್ಕೆ ಚೆನ್ನಾಗಿ ಕೇಳಿಸುತ್ತದೆ. ಅದು ಕೂಗಿಗೆ ಓಗೊಟ್ಟು ಗಂಡು ಹಾರ್ಮೋನನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ, ಅಂಡಾಣುಗಳು ಅರ್ಧಕ್ಕೆ ನಿಲ್ಲುತ್ತವೆ. ಅತ್ತ ಪಿತ್ತಜನಕಾಂಗದಲ್ಲಿ ಗಂಡು ಹಾರ್ಮೋನನ್ನು ಕಟ್ಟಿಹಾಕುವ ಒಂದು ಪ್ರೋಟೀನು ತಯಾರಾಗುತ್ತಿತ್ತು. ಇನ್ಸುಲಿನ್ ಹೆಚ್ಚಾದರೆ ಅದೂ ಕಡಿಮೆಯಾಗುತ್ತದೆ. ಕಟ್ಟಿಲ್ಲದ ಟೆಸ್ಟೋಸ್ಟಿರೋನ್ ರಕ್ತದಲ್ಲಿ ಓಡಾಡಿಕೊಂಡಿರುತ್ತದೆ. ಹೆಣ್ಣಿನ ಮೈಯಲ್ಲಿ ಗಂಡು ಹಾರ್ಮೋನು ಹೆಚ್ಚಾದರೆ ಕೊಬ್ಬು ಸೇರುವ ಜಾಗ ಯಾವುದು? ಹೊಟ್ಟೆಯೇ. ಎಲ್ಲಿಂದ ಶುರುವಾಯಿತೋ ಅಲ್ಲಿಗೇ ಬಂದೆವು.

ಈ ಸುಳಿಗೆ ಒಬ್ಬೊಬ್ಬರು ಒಂದೊಂದು ಕಡೆಯಿಂದ ಬೀಳುತ್ತಾರೆ. ಕೆಲವರು ವಂಶದಿಂದ, ತಾಯಿಗೂ ಚಿಕ್ಕಮ್ಮನಿಗೂ ಇರುತ್ತದೆ. ಕೆಲವರು ಹಾಸ್ಟೆಲ್ ಸೇರಿದ ಎರಡು ವರ್ಷದಲ್ಲಿ ಮೈ ಬಂದದ್ದರಿಂದ. ಮೈಯಲ್ಲಿ ಮೊದಲೇ ಇದ್ದ ಒಲವು ತೂಕ ಏರಿದಾಗ ಹೊರಬೀಳುವುದೇ ಹೆಚ್ಚು. ಹಾಗಾಗಿ ತಾಯಂದಿರೇ, ಮಗಳು ತಿಂದು ತಿಂದು ತರಿಸಿಕೊಂಡಳು ಎನ್ನುವ ಮಾತು ವೈದ್ಯಕೀಯವಾಗಿಯೂ ಸುಳ್ಳು. ಅವಳ ಇನ್ಸುಲಿನ್ನೇ ಅವಳಿಗೆ ಹಸಿವು ಹೆಚ್ಚಿಸಿ, ಕೊಬ್ಬು ಕರಗದಂತೆ ತಡೆಯುತ್ತಿರುತ್ತದೆ. ಅದೇ ಊಟ ಉಂಡ ತಂಗಿ ತೆಳ್ಳಗಿದ್ದಾಳೆ ಎಂದು ಹೋಲಿಸಿದರೆ ಗಾಯದ ಮೇಲೆ ಬರೆ ಎಳೆದಂತೆ. ಪಿಸಿಒಎಸ್ ಇರುವವರಲ್ಲಿ ಖಿನ್ನತೆ, ಆತಂಕ ಹೆಚ್ಚು ಎಂದು ಗೊತ್ತಿರುವುದರಿಂದಲೇ ಅದನ್ನೂ ವಿಚಾರಿಸಬೇಕು, ತೂಕದ ಬಗ್ಗೆ ಚುಚ್ಚಿ ಮಾತಾಡಬಾರದು ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ವೈದ್ಯರಿಗೇ ಹೇಳುತ್ತದೆ. ಅದು ಮನೆಯವರಿಗೂ ಅನ್ವಯಿಸುತ್ತದೆ.

"ನಮ್ ಹುಡ್ಗಿ ದಪ್ಪ ಏನಿಲ್ಲಲ್ರೀ" ಎನ್ನುವವರಿಗೆ ಒಂದು ಫೋಟೋದ ಕಥೆ ಹೇಳಬೇಕು. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯಡ್‌ಕಿನ್ ಅಕ್ಕಪಕ್ಕ ನಿಂತ ಫೋಟೋ ಬಂತು. ಎತ್ತರಕ್ಕೆ ತಕ್ಕ ತೂಕದ ಅಳತೆ, ಬಿಎಂಐ ಎನ್ನುತ್ತೇವಲ್ಲ, ಇಬ್ಬರಿಗೂ 22.3. ಮೈಯ ಕೊಬ್ಬು ಅಳೆದರೆ ಇಂಗ್ಲೆಂಡಿನವರಿಗೆ ಶೇ. 9.1, ನಮ್ಮವರಿಗೆ ಶೇ. 21.2. ನಮ್ಮ ಜನರ ಮೈಕಟ್ಟು ಹಾಗೆ: ಕೈಕಾಲು ಸಣ್ಣ, ಸ್ನಾಯು ಕಡಿಮೆ, ಹೊಟ್ಟೆಯೊಳಗೆ ಕೊಬ್ಬು. ಆದ್ದರಿಂದ ನಮಗೆ ಬಿಎಂಐ 23 ದಾಟಿದರೇ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದು.

ಅಳೆಯುವುದು ಹೇಗೆ? ಮನೆಯಲ್ಲಿ ಜಂಪರಿನ ಅಳತೆಗೆ ಇಟ್ಟ ಟೇಪು ಸಾಕು. ಬಟ್ಟೆ ಸರಿಸಿ ಬರಿಮೈ ಮೇಲೆ ಇಡಿ. ಪಕ್ಕೆಲುಬು ಮುಗಿಯುವ ಜಾಗವನ್ನು ಬೆರಳಲ್ಲಿ ಮುಟ್ಟಿ, ಕೆಳಗೆ ಸೊಂಟದ ಮೂಳೆಯ ತುದಿ ಮುಟ್ಟಿ, ಎರಡರ ನಟ್ಟನಡುವೆ ಟೇಪು ಸುತ್ತಿ. ಲಂಗದ ಲಾಡಿ ಕಟ್ಟುವ ಜಾಗ ಅದಕ್ಕಿಂತ ಕೆಳಗಿರುತ್ತದೆ, ಅಲ್ಲಿ ಅಳೆಯಬೇಡಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ, ಉಸಿರು ಸಹಜವಾಗಿ ಬಿಟ್ಟಾಗ ನೋಡಿ. ಮೂವತ್ತೊಂದೂವರೆ ಇಂಚಿನ ಗೆರೆ ದಾಟಿತೇ? ಹಾಗಿದ್ದರೆ ತೂಕ ಎಷ್ಟೇ ಇರಲಿ, ಗಮನ ಕೊಡಿ. ಕತ್ತಿನ ಹಿಂಭಾಗ, ಕಂಕುಳು ಕಪ್ಪಗಾಗಿ ಚರ್ಮ ಮಕಮಲ್ಲಿನ ಹಾಗೆ ದಪ್ಪ ಆಗಿದೆಯೇ ಎಂದೂ ನೋಡಿ. ಅದನ್ನು ಕೊಳೆ ಎಂದುಕೊಂಡು ಎಷ್ಟೋ ಹುಡುಗಿಯರು ಕಲ್ಲು ಹಾಕಿ ಉಜ್ಜಿ ಗಾಯ ಮಾಡಿಕೊಂಡು ಬರುತ್ತಾರೆ. ಅದು ರಕ್ತದಲ್ಲಿ ಇನ್ಸುಲಿನ್ ಏರಿದ್ದಕ್ಕೆ ಚರ್ಮ ತೋರಿಸುವ ಗುರುತು. ಉಜ್ಜಿದರೆ ಹೋಗುವುದಿಲ್ಲ, ಇನ್ಸುಲಿನ್ ಇಳಿದರೆ ನಿಧಾನ ತಿಳಿಯಾಗುತ್ತದೆ.

ಕೊಬ್ಬು ತೀರಾ ಇಳಿದರೂ ಮುಟ್ಟು ನಿಲ್ಲುತ್ತದೆ, ನೆನಪಿಡಿ ಎಂದಿದ್ದೆನಲ್ಲ, ಅದಕ್ಕೆ ಬರುತ್ತೇನೆ. ಗಂಡಿನ ಕಡೆಯವರು ನೋಡಲು ಬರುತ್ತಾರೆ ಎಂದು ಎರಡು ತಿಂಗಳು ಒಪ್ಪೊತ್ತು ಉಂಡು, ಬರೀ ಸೌತೆಕಾಯಿ ತಿಂದು ತೂಕ ಇಳಿಸಿದ ಹುಡುಗಿಯರನ್ನು ನೋಡಿದ್ದೇನೆ. ತೂಕ ಇಳಿಯಿತು, ಮುಟ್ಟು ನಿಂತಿತು. ಅಂಥವರ ಸ್ಕ್ಯಾನಿಂಗ್‌ನಲ್ಲೂ ಅಂಡಾಶಯ ಪಿಸಿಒಎಸ್‌ನ ಹಾಗೇ ಕಾಣಬಹುದು. ಯಾರೋ "ಪಿಸಿಒಡಿ, ಇನ್ನೂ ಸಣ್ಣ ಆಗಮ್ಮ" ಎನ್ನುತ್ತಾರೆ, ಅವಳು ಇನ್ನಷ್ಟು ಉಪವಾಸ ಬೀಳುತ್ತಾಳೆ. ಅವಳಿಗೆ ಬೇಕಾಗಿದ್ದದ್ದು ಹೊಟ್ಟೆ ತುಂಬ ಊಟ. ಮೈಯಲ್ಲಿ ದಾಸ್ತಾನು ತೀರಿತು ಎಂದು ಮಿದುಳು ಮುಟ್ಟನ್ನು ನಿಲ್ಲಿಸಿತ್ತು. ತೊಂದರೆ ಒಂದೇ ಥರ ಕಂಡರೂ ಕಾರಣ ಪೂರ್ತಿ ಉಲ್ಟಾ. ಹಾಗಾಗಿ ಬರೀ ಸ್ಕ್ಯಾನಿಂಗ್ ಕಾಗದ ನೋಡಿ ತೀರ್ಮಾನ ಮಾಡಬೇಡಿ, ಮಾಡಲು ಬಿಡಲೂಬೇಡಿ. ಇನ್ನು ಸಣ್ಣಗಿದ್ದು, ಸರಿಯಾಗಿ ಉಂಡೂ ಪಿಸಿಒಎಸ್ ಇರುವವರಿದ್ದಾರೆ. ಅವರ ಸೊಂಟ ಇಳಿಸಬೇಕಾಗಿಲ್ಲ, ಇನ್ನೂ ಏರದಂತೆ ನೋಡಿಕೊಳ್ಳಬೇಕು. ಶುಗರ್ ಪರೀಕ್ಷೆ ಅವರಿಗೂ ಬೇಕು.

ಸೊಂಟ ದಪ್ಪಗಿರುವವರಿಗೆ ಎಷ್ಟು ಇಳಿದರೆ ಸಾಕು? ಇಲ್ಲಿ ನಿಜವಾಗಿಯೂ ಒಳ್ಳೆಯ ಸುದ್ದಿಯಿದೆ. ಇದ್ದ ತೂಕದಲ್ಲಿ ಶೇ. 5ರಿಂದ 10 ಇಳಿದರೂ ಬಹಳ ಜನರಲ್ಲಿ ಮುಟ್ಟು ಹಾದಿಗೆ ಬರುತ್ತದೆ. 70 ಕೆ.ಜಿ. ಇರುವವರಿಗೆ ಅದು ಮೂರೂವರೆಯಿಂದ ಏಳು ಕೆ.ಜಿ. ಏಕೆಂದರೆ ತೂಕ ಇಳಿಯಲು ಶುರುವಾದಾಗ ಹೊಟ್ಟೆಯೊಳಗಿನ ಆ ಕೆಟ್ಟ ಕೊಬ್ಬು ಚೆನ್ನಾಗಿ ಕರಗುತ್ತದೆ. ಅಕ್ಕಪಕ್ಕದವರ ಕಣ್ಣಿಗೆ ನೀವು ಮೊದಲಿನ ಹಾಗೇ ಕಾಣುತ್ತೀರಿ, ಅಂಡಾಶಯಕ್ಕೆ ಮಾತ್ರ ದೊಡ್ಡ ಬದಲಾವಣೆ ಆಗಿರುತ್ತದೆ.

ಊಟದ ವಿಷಯದಲ್ಲಿ ಇದೇ ಡಯಟ್ ಶ್ರೇಷ್ಠ ಎಂದು ಯಾರೂ ಸಾಬೀತು ಮಾಡಿಲ್ಲ. ದುಬಾರಿ ಪುಡಿ, ಪಾನಕಗಳ ಹಿಂದೆ ಹೋಗಬೇಡಿ. ನಮ್ಮೂರಿನ ಊಟವನ್ನೇ ಸ್ವಲ್ಪ ಸರಿಸಿದರೆ ಸಾಕು. ಹಾಸ್ಟೆಲಿನ ದಿನವನ್ನು ನೋಡಿ: ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ಸಂಜೆ ಮಂಡಕ್ಕಿ ಮಿರ್ಚಿ, ರಾತ್ರಿ ಮತ್ತೆ ಅನ್ನ, ನಡುವೆ ಸಕ್ಕರೆ ಹಾಕಿದ ಟೀ. ಬೆಳಗಿನಿಂದ ರಾತ್ರಿಯವರೆಗೆ ಅಕ್ಕಿಯೇ. ಮಂಡಕ್ಕಿ ಹಗುರ ತಿಂಡಿ ಎಂದು ನಾವೆಲ್ಲ ನಂಬಿದ್ದೇವೆ. ತೂಕಕ್ಕೆ ಹಗುರ ನಿಜ, ಆದರೆ ಅದು ಬೇಗನೇ ಕರಗಿ ಸಕ್ಕರೆಯನ್ನು ಸರ್ರನೆ ಏರಿಸುತ್ತದೆ, ಇನ್ಸುಲಿನ್ ಮತ್ತೆ ಕೂಗು ಹಾಕಬೇಕು. ಅದಕ್ಕೇ ಒಂದು ಹಿಡಿ ಹುರಿದ ಶೇಂಗಾ, ಹೆಸರುಕಾಳಿನ ಮೊಳಕೆ, ಹೆಚ್ಚಿದ ಈರುಳ್ಳಿ ಸೌತೆಕಾಯಿ ಸೇರಿಸಿ, ಮಂಡಕ್ಕಿಯನ್ನು ಅರ್ಧ ಮಾಡಿ. ಒಂದು ಹೊತ್ತು ಅನ್ನ ಬಿಟ್ಟು ಜೋಳದ ರೊಟ್ಟಿ, ಪಲ್ಯ, ಕಾಳಿನ ಸಾರು. ರಾಗಿ ಮುದ್ದೆ ಉಣ್ಣುವವರು ಮುದ್ದೆ ಸಣ್ಣದು ಮಾಡಿ ಸೊಪ್ಪಿನ ಸಾರು ಹೆಚ್ಚು ಹಾಕಿಕೊಳ್ಳಿ. ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆ, ಇಲ್ಲದಿದ್ದರೆ ಮೊಸರು, ಬೇಳೆ. ಬೆಣ್ಣೆ ದೋಸೆ? ದಾವಣಗೆರೆಯಲ್ಲಿದ್ದು ಬೆಣ್ಣೆ ದೋಸೆ ಬಿಡಿ ಎನ್ನುವುದಿಲ್ಲ. ಅದನ್ನು ದಿನದ ತಿಂಡಿ ಮಾಡಬೇಡಿ, ಹಬ್ಬದ ತಿಂಡಿ ಮಾಡಿ.

ಸ್ನಾಯುವಿನ ಮಾತಿಗೆ ಬಂದರೆ ನನಗೆ ಒಂದು ಸಂಕಟ ಇದೆ. ಹರಿಹರ, ಹೊನ್ನಾಳಿ ಕಡೆ ಭದ್ರಾ ಕಾಲುವೆಯ ಗದ್ದೆಗಳಲ್ಲಿ ನಾಟಿ ಹಾಕಿದ ಅಜ್ಜಿಯರು, ಜಗಳೂರಿನ ಹೊಲಗಳಲ್ಲಿ ಕಳೆ ತೆಗೆದ ಅವ್ವಂದಿರು ತಾವು ಪಟ್ಟ ಪಾಡು ಮಕ್ಕಳಿಗೆ ಬೇಡವೆಂದು ಹೆಣ್ಣುಮಕ್ಕಳನ್ನು ಓದಿಗೆ ಕಳಿಸಿದರು. ಅದು ಸರಿಯಾದ ನಿರ್ಧಾರ. ಆದರೆ ಮೈ ದಣಿಸುವ ಕೆಲಸ ಹೋದ ಜಾಗಕ್ಕೆ ಬೇರೇನೂ ಬರಲಿಲ್ಲ. ಹುಡುಗರಿಗೆ ಆಟದ ಮೈದಾನ ಇದೆ, ಜಿಮ್ ಇದೆ. ಹುಡುಗಿಯರ ಹಾಸ್ಟೆಲಿಗೆ ಸಂಜೆಯೇ ಗೇಟು. ಕುಂದವಾಡ ಕೆರೆಯ ಏರಿಯ ಮೇಲೆ ಬೆಳಗ್ಗೆ ನಡೆಯುವವರಲ್ಲಿ ಇಪ್ಪತ್ತರ ಹುಡುಗಿಯರು ಎಷ್ಟು ಕಡಿಮೆ ನೋಡಿ. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಕನಿಷ್ಠ ಬೇಕು, ತೂಕ ಇಳಿಯಬೇಕಾದರೆ ಇನ್ನೂ ಹೆಚ್ಚು. ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಭಾರದ ಕೆಲಸ. ಬೆಸ್ಕಿ ಹೊಡೆಯಿರಿ, ಗೋಡೆಗೆ ಕೈಕೊಟ್ಟು ದಂಡ ಹಾಕಿ, ನೀರು ತುಂಬಿದ ಬಾಟಲಿ ಎತ್ತಿ, ಹಾಸ್ಟೆಲಿನ ಮೆಟ್ಟಿಲೇರಿ. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ತೂಕ ಒಂದು ಕೆ.ಜಿ.ಯೂ ಇಳಿಯದಿದ್ದರೂ ಆ ಲಾಭ ಸಿಕ್ಕೇ ಸಿಗುತ್ತದೆ. ಕಾಲೇಜಿನ ಆಡಳಿತದವರು ಇಲ್ಲಿದ್ದೀರಿ. ಹುಡುಗಿಯರಿಗೆ ಬೆಳಗ್ಗೆ ಒಂದು ಗಂಟೆ ಮೈದಾನ ಬಿಟ್ಟುಕೊಡಿ ಎಂದು ಕೈಮುಗಿದು ಕೇಳುತ್ತೇನೆ.

ಔಷಧ ಬೇಡ, ತೂಕ ಇಳಿಸಿ ಬಾ ಎಂದು ವಾಪಸು ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಮುಟ್ಟು ಕ್ರಮಕ್ಕೆ ತರಲು, ಕೂದಲು ಮೊಡವೆ ತಗ್ಗಿಸಲು ಹಾರ್ಮೋನ್ ಮಾತ್ರೆಗಳಿವೆ. ಇನ್ಸುಲಿನ್ನಿನ ತೊಂದರೆಗೆ ಮೆಟ್‌ಫಾರ್ಮಿನ್ ಇದೆ. ಮಗು ಬೇಕೆಂದಾಗ ಅಂಡಾಣು ಬಿಡುಗಡೆಗೆ ಮೊದಲ ಆಯ್ಕೆ ಲೆಟ್ರೊಜೋಲ್. ಯಾರಿಗೆ ಯಾವುದು ಎನ್ನುವುದು ವೈದ್ಯರು ನೋಡಿ ಹೇಳಬೇಕು, ಗೆಳತಿಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಕೊಳ್ಳಬೇಡಿ. ಔಷಧ, ಊಟ, ನಡಿಗೆ ಒಟ್ಟೊಟ್ಟಿಗೇ ಸಾಗಲಿ.

ಇನ್ನು ಪ್ರಶ್ನೆಗಳು.

ಒಬ್ಬ ತಾಯಿ ಕೇಳಿದರು: "ಮಗಳು ಒಂಬತ್ತನೇ ಕ್ಲಾಸು. ದೊಡ್ಡೋಳಾಗಿ ಒಂದು ವರ್ಷ ಆತು. ತಿಂಗಳು ಸರಿ ಬರ್ತಿಲ್ಲ. ಸ್ಕ್ಯಾನಿಂಗ್ ಮಾಡಿಸ್ಲಾ?" ಬೇಡಮ್ಮ. ಮೊದಲ ವರ್ಷ ಏರುಪೇರು ಸಹಜ. ಒಂದರಿಂದ ಮೂರು ವರ್ಷದೊಳಗೆ 45 ದಿನಕ್ಕಿಂತ ತಡವಾಗುತ್ತಿದ್ದರೆ, ಮೂರು ವರ್ಷ ಕಳೆದ ಮೇಲೆ 35 ದಿನ ಮೀರುತ್ತಿದ್ದರೆ ಇಲ್ಲವೇ 21 ದಿನದೊಳಗೇ ಬರುತ್ತಿದ್ದರೆ ತೋರಿಸಿ. ಮೊದಲ ವರ್ಷ ಕಳೆದ ಮೇಲೆ ಒಂದೇ ಸಲವಾದರೂ 90 ದಿನ ದಾಟಿದರೆ ತೋರಿಸಿ. ಮುಟ್ಟು ಶುರುವಾದ ಎಂಟು ವರ್ಷದವರೆಗೆ ಅಂಡಾಶಯದಲ್ಲಿ ಹೆಚ್ಚು ಕೋಶಗಳು ಕಾಣುವುದು ಮಾಮೂಲು, ಆ ವಯಸ್ಸಿನಲ್ಲಿ ಸ್ಕ್ಯಾನಿಂಗ್ ಮೇಲೆ ಪಿಸಿಒಎಸ್ ಎಂದು ಹೇಳಬಾರದು.

"ಮದ್ವೆ ಮಾಡಿದ್ರೆ ಸರಿ ಹೋಗುತ್ತೆ ಅಂತಾರಲ್ರೀ?" ಹೋಗುವುದಿಲ್ಲ. ಮದುವೆಯಾದ ವರ್ಷವೇ ಮಕ್ಕಳಾಗಲಿಲ್ಲವೆಂದು ಅವಳ ಮೇಲೆ ಇನ್ನೊಂದು ಹೊರೆ ಬೀಳುತ್ತದೆ, ಅಷ್ಟೆ. ಪಿಸಿಒಎಸ್ ಇರುವ ಬಹುಪಾಲು ಹೆಂಗಸರಿಗೆ ಮಕ್ಕಳಾಗುತ್ತವೆ, ಕೆಲವರಿಗೆ ಚಿಕಿತ್ಸೆಯಿಂದ, ಕೆಲವರಿಗೆ ತಾನಾಗಿಯೇ. ಅವಳ ಓದು ಮುಗಿಯಲಿ.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಚೀಟಿ ಕಳಿಸಿದಳು: "ಡಾಕ್ಟರ ಹತ್ತಿರ ಮೊದಲ ಸಲ ಹೋಗುವಾಗ ಏನು ತಗೊಂಡು ಹೋಗ್ಬೇಕು?" ಹಿಂದಿನ ಆರು ತಿಂಗಳಲ್ಲಿ ಮುಟ್ಟಾದ ತಾರೀಖುಗಳನ್ನು ಬರೆದುಕೊಂಡು ಹೋಗಮ್ಮ, ಎಷ್ಟು ದಿನ ಹೋಯಿತು ಎಂದೂ ಬರೆ. ಕಳೆದ ಎರಡು ವರ್ಷದಲ್ಲಿ ತೂಕ ಎಷ್ಟು ಬದಲಾಯಿತು, ಮನೆಯಲ್ಲಿ ಯಾರಿಗೆ ಶುಗರ್ ಇದೆ, ಯಾವ ಮಾತ್ರೆ ನುಂಗುತ್ತಿದ್ದೀಯ ಎಂದು ಹೇಳು. ಊಟ ಬಿಟ್ಟು ತೂಕ ಇಳಿಸಿದ್ದರೆ ಅದನ್ನು ಮುಚ್ಚಿಡಬೇಡ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗು, ಅವರು ಬೇಕೆಂದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆಯುವ ಪರೀಕ್ಷೆಯನ್ನು ಅದೇ ದಿನ ಮಾಡಬಹುದು. ಡಬ್ಬಿಯಲ್ಲಿ ತಿಂಡಿ ಇಟ್ಟುಕೊಂಡು ಹೋಗು, ಪರೀಕ್ಷೆ ಮುಗಿದ ಮೇಲೆ ತಿನ್ನಲು.